ಪ್ರಾಣಿಹೆಸರು ಮತ್ತು ಅಕ್ಷರದ ಧ್ವನಿ

ಆರಂಭಿಕ ಅಕ್ಷರಬೋಧನೆಯ 'ಆ–ಆನೆ', 'ಇ–ಇಲಿ' ಎಂಬ ಜೋಡಣೆಯು ಪದಾದಿಯ ಧ್ವನಿಯನ್ನು ಆಧರಿಸಿದೆ. ಈ ಕ್ರಮಕ್ಕೆ ಎರಡು ಮಿತಿಗಳಿವೆ. ಒಂದು, ಪದಾದಿಯ ಎಕಾರ, ಒಕಾರಗಳೊಡನೆ ಆಡುಮಾತಿನಲ್ಲಿ ಯಕಾರ, ವಕಾರಗಳು ಸೇರುವುದರಿಂದ 'ಎಮ್ಮೆ', 'ಒಂಟೆ'ಗಳು 'ಯೆಮ್ಮೆ', 'ವೊಂಟೆ' ಎಂದು ಕೇಳಿಸುತ್ತವೆ. ಮಗು 'ಯೆ' ಎಂದು ಬರೆದರೆ ಅದು ಕಿವಿಯ ತಪ್ಪಲ್ಲ. ಎರಡು, ಕನ್ನಡ ಪದಗಳ ಆದಿಯಲ್ಲಿ ಣಕಾರ, ಳಕಾರಗಳು ಬರುವುದಿಲ್ಲ. ಅವುಗಳನ್ನು 'ಕೋಣ', 'ಕೋಳಿ'ಗಳ ಕೊನೆಯ ಅಕ್ಷರದಿಂದಲೇ ಕಲಿಸಬೇಕು.

ಪದಾಂತ್ಯದಲ್ಲಾದರೋ ಪ್ರಾದೇಶಿಕ ಭೇದವಿದೆ. ಗುಂಡಗುರ್ತಿ, ಚಿತ್ತಾಪುರಗಳನ್ನೊಳಗೊಂಡ ಕಲಬುರಗಿ ಸೀಮೆಯಲ್ಲಿ ಅಂತ್ಯ ಎಕಾರವು ಇಕಾರವಾಗುವುದರಿಂದ 'ಆನೆ'ಯು 'ಆನಿ' ಆಗುತ್ತದೆ. ಪದಾದಿಯ 'ಆ' ಮಾತ್ರ ಅಲುಗುವುದಿಲ್ಲ. ಆದ್ದರಿಂದ ಶಿಕ್ಷಕರು ಮಗುವಿನ ಉಚ್ಚಾರಣೆಯಿಂದಲೇ ಧ್ವನಿಯನ್ನು ಬಿಡಿಸಿ ತೋರಿಸಿ, ಅನಂತರ ಲಿಖಿತ ರೂಪವನ್ನು ಪರಿಚಯಿಸುವುದು ಯುಕ್ತ. 'ಆನಿ'ಯನ್ನು ತಿದ್ದುವ ಭರದಲ್ಲಿ 'ಆ' ಕಲಿಯುವ ಅವಕಾಶ ತಪ್ಪಬಾರದು.