ವಾಟ್ಸನ್ ಹೋಟೆಲು: ಕಟ್ಟಡ ಮತ್ತು ಐತಿಹ್ಯ

ಮುಂಬಯಿಯ ಕಾಲಾ ಘೋಡಾ ಪ್ರದೇಶದ ಎಸ್‌ಪ್ಲನೇಡ್ ಮ್ಯಾನ್ಶನ್ ಮೂಲತಃ ವಾಟ್ಸನ್ ಹೋಟೆಲು. 1860ರ ದಶಕದಲ್ಲಿ ರೋಲೆಂಡ್ ಮೇಸನ್ ಆರ್ಡಿಶ್ ರೂಪಿಸಿದ ಇದರ ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಗೊಂಡಿತು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶಿತವಾದದ್ದೂ ಇಲ್ಲಿಯೇ.

ಆದರೆ ಜನರ ಬಾಯಲ್ಲಿ ಉಳಿದಿರುವುದು ಬೇರೆಯೇ ಕಥೆ. ಯುರೋಪಿಯನ್ನರಿಗೆ ಮೀಸಲಾಗಿದ್ದ ಈ ಹೋಟೆಲು ಜೆಮ್‌ಷೆಟ್‌ಜಿ ಟಾಟಾ ಅವರಿಗೆ ಪ್ರವೇಶ ನಿರಾಕರಿಸಿತು, ಆ ಅವಮಾನವೇ 1903ರಲ್ಲಿ ತೆರೆದ ತಾಜ್‌ಮಹಲ್ ಹೋಟೆಲಿಗೆ ಕಾರಣವಾಯಿತು ಎಂಬುದು ಆ ಕಥೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಕೆಲವು ಇತಿಹಾಸಕಾರರು ಸಂದೇಹಿಸಿದ್ದಾರೆ. ಜಾನಪದ ಅಧ್ಯಯನಕ್ಕೆ ಈ ಸಂದೇಹ ನಿರ್ಣಾಯಕವಲ್ಲ. ಅವಮಾನಿತನಾದವನು ಅದನ್ನು ಮೀರಿಸುವಂಥದನ್ನು ಕಟ್ಟಿ ತೋರಿಸುವ ಆಶಯ ಐತಿಹ್ಯಗಳಿಗೆ ಸಹಜವಾದುದು. ವಸಾಹತುಕಾಲದ ವರ್ಣಭೇದದ ಅನುಭವವನ್ನು ನಗರವು ಇದರ ಮೂಲಕ ನೆನಪಿಟ್ಟುಕೊಂಡಿದೆ.

ಐತಿಹ್ಯವೆಂದರೆ ಸ್ಥಳವನ್ನು ತೋರಿಸಿ ಹೇಳುವ ಕಥೆ. ಈ ಕಥೆಗೆ ಎರಡು ಕಟ್ಟಡಗಳೂ ಬೇಕು. ಪ್ರವೇಶ ನಿರಾಕರಿಸಿದ ಬಾಗಿಲು ಕಾಣದಾದರೆ ಅದು ತಾಜ್‌ನ ವೈಭವದ ವರ್ಣನೆಯಷ್ಟೇ ಆದೀತು. 2005ರಲ್ಲಿ ವಾಟ್ಸನ್ ಕಟ್ಟಡದ ಒಂದು ಭಾಗ ಕುಸಿಯಿತು. ವಿಶ್ವ ಸ್ಮಾರಕ ನಿಧಿಯು 2006ರ ಅಪಾಯದಂಚಿನ ನೂರು ತಾಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2019ರಲ್ಲಿ ಅದರೊಳಗಿದ್ದವರನ್ನು ತೆರವುಗೊಳಿಸಲಾಯಿತು.