ಜಾಲತಾಣ: ಚಾಲಗೇಣಿಯೋ, ಸ್ವಂತ ಹಿಡುವಳಿಯೋ?



ಕಳೆದ ತಿಂಗಳು ಇನ್ನಂಜೆಯ ಸದಸ್ಯರೊಬ್ಬರ ಚಾವಡಿಯಲ್ಲಿ, ಅಡಿಕೆ ಸುಲಿಯುವವರ ನಡುವೆ ಕುಳಿತಿದ್ದಾಗ ಸಂಘದ ಹೊಸ ಜಾಲತಾಣದ ಮಾತು ಬಂತು. ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಿ ಪರದೇಶದ ಕಂಪೆನಿಯ ಸಿದ್ಧ ತಾಣವನ್ನು ಹಿಡಿಯುವುದೇ, ಅಥವಾ ಮುಕ್ತ ತಂತ್ರಾಂಶದ ಫ್ರೇಮ್‌ವರ್ಕ್ ಬಳಸಿ ನಮ್ಮದೇ ಆದುದನ್ನು ಕಟ್ಟಿಸುವುದೇ? ಮುಂದಿನ ಮಹಾಸಭೆಯಲ್ಲಿ ಇದು ತೀರ್ಮಾನವಾಗಬೇಕಾಗಿದೆ. ಖರ್ಚಾಗುವುದು ಸದಸ್ಯರ ಹಣ. ಆದಕಾರಣ ವಿಷಯವನ್ನು ಮೊದಲೇ ತಮ್ಮ ಮುಂದಿಡುತ್ತಿದ್ದೇವೆ.

ನಾವು ಒಮ್ಮೆ ಕೈ ಸುಟ್ಟುಕೊಂಡವರು. ಹಿಂದಿನ ತಾಣವನ್ನು ಮಾಡಿಕೊಟ್ಟ ಹುಡುಗ ಒಳ್ಳೆಯವನೇ; ಆದರೆ ತಾಣದ ವಿಳಾಸವನ್ನು, ಅಂದರೆ ಡೊಮೈನ್ ಹೆಸರನ್ನು, ತನ್ನ ಹೆಸರಿನಲ್ಲಿಯೇ ನೋಂದಾಯಿಸಿದ್ದ. ನಾವೂ ಕೇಳಲಿಲ್ಲ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ನವೀಕರಣದ ಸೂಚನೆಗಳೆಲ್ಲ ಅವನು ಬಿಟ್ಟುಬಿಟ್ಟಿದ್ದ ಹಳೆಯ ಇ-ಮೇಲಿಗೆ ಹೋದುವು. ಅವಧಿ ಮುಗಿದು ಹೆಸರು ಇನ್ನಾರದೋ ಪಾಲಾಯಿತು. ಸಂಘದ ಲೆಟರ್‌ಹೆಡ್‌ನಲ್ಲಿ ಅಚ್ಚಾದ ವಿಳಾಸವನ್ನು ಒತ್ತಿದರೆ ನಮಗೆ ಸಂಬಂಧವೇ ಇಲ್ಲದ ಜಾಹೀರಾತು ತೆರೆಯುತ್ತಿತ್ತು. ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡದೆ ತೋಟ ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ?

ಸಿದ್ಧ ತಾಣದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ವಿಕ್ಸ್‌ನಂತಹ ಕಂಪೆನಿಗಳು (ಇದು 2006ರಲ್ಲಿ ಇಸ್ರೇಲಿನಲ್ಲಿ ಆರಂಭವಾಯಿತು) ಸರ್ವರು, ಭದ್ರತೆ, ಪುಟದ ವಿನ್ಯಾಸ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ. ನಮ್ಮ ಕಚೇರಿಯ ಗುಮಾಸ್ತರು ಮೊಬೈಲಿನಲ್ಲಿಯೇ ಚಿತ್ರ ಏರಿಸಬಹುದು, ದರ ತಿದ್ದಬಹುದು. ಆದರೆ ಅಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆ ಕಡೆಗೆ ಒಯ್ಯಲು ಬರುವುದಿಲ್ಲ. ಬಿಟ್ಟುಬರುವುದಾದರೆ ಹೊಸ ಜಾಗದಲ್ಲಿ ಮೊದಲಿನಿಂದ ಕಟ್ಟಬೇಕು.

ಇದನ್ನು ಕೇಳಿದ ಹಿರಿಯರೊಬ್ಬರು ಮೆಟ್ಟುಕತ್ತಿಯಿಂದ ತಲೆ ಎತ್ತಿ, "ಚಾಲಗೇಣಿಯ ಜಾಗದಲ್ಲಿ ಅಡಿಕೆ ನೆಟ್ಟ ಹಾಗಾಯಿತಲ್ಲ ಮಾರಾಯ್ರೇ!" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ವರ್ಷ ವರ್ಷ ಮುಡಿಯಕ್ಕಿ ಅಳೆದು, ಧಣಿಗಳು ಬಿಡು ಎಂದರೆ ನೆಟ್ಟುದನ್ನು ಬಿಟ್ಟು ಎದ್ದು ಹೋಗುತ್ತಿದ್ದ ಕಾಲವನ್ನು ಅವರು ಕಂಡವರು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಮನೆತನ ಅವರದು. ಜಾಲತಾಣಕ್ಕೆ ಡಿಕ್ಲರೇಶನ್ ಇಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ಸಂಸ್ಥೆ, ವ್ಯಾಪಾರಸ್ಥರಿಗೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ಜಾಲತಾಣಗಳನ್ನೆಲ್ಲ ಮುಚ್ಚಿಬಿಟ್ಟಿತು. ಅದನ್ನೇ ನಂಬಿದ್ದ ಸಣ್ಣ ಅಂಗಡಿಯವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಹಾಗಾದರೆ ಸ್ವಂತದ್ದೇ ಇರಲಿ ಎನ್ನೋಣವೇ? ಮುಕ್ತ ತಂತ್ರಾಂಶವೆಂದರೆ ನಮಗೆ ಹೊಸದೇನಲ್ಲ. ಬೋರ್ಡೋ ದ್ರಾವಣ ಯಾರ ಸ್ವತ್ತು? ಮೈಲುತುತ್ತು 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಪಾಕವನ್ನು ಇಂದು ಯಾರು ಬೇಕಾದರೂ ಕಲಸಬಹುದು. ಜ್ಯಾಂಗೋ ಎಂಬ ಫ್ರೇಮ್‌ವರ್ಕ್ ಕೂಡ ಹಾಗೆಯೇ. ಅಮೆರಿಕದ ಕಾನ್ಸಾಸ್ ಪ್ರಾಂತ್ಯದ ಊರೊಂದರ ದಿನಪತ್ರಿಕೆಯ ಕಚೇರಿಯಲ್ಲಿ, ಅಲ್ಲಿಯ ಕೆಲಸಕ್ಕೆಂದೇ 2003ರಿಂದ ಬೆಳೆದ ಅದನ್ನು 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪರವಾನಗಿ ಶುಲ್ಕವಿಲ್ಲ. ಸದಸ್ಯರ ತೂಕದ ಚೀಟಿ, ಖಾತೆ, ಘಟ್ಟದ ಮೇಲಿನ ಸದಸ್ಯರ ಕಾಫಿಯ ಲೆಕ್ಕ ಎಲ್ಲವನ್ನೂ ನಮ್ಮ ರೀತಿಗೆ ಸರಿಯಾಗಿ ಬರೆಸಿಕೊಳ್ಳಬಹುದು.

ಆದರೆ ಪಾಕ ಉಚಿತವೆಂದು ಮದ್ದು ತಾನಾಗಿ ಗೊನೆಗೆ ಹತ್ತುವುದಿಲ್ಲ. ಜ್ಯಾಂಗೋದ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಬರುತ್ತದೆ. ದೀರ್ಘಾವಧಿಯ ಆವೃತ್ತಿಗೂ ಭದ್ರತೆಯ ದುರಸ್ತಿ ಸಿಗುವುದು ಮೂರು ವರ್ಷ ಮಾತ್ರ. ಆಮೇಲೆ ಬದಲಿಸದಿದ್ದರೆ ಆಟಿಯ ಮಳೆಗೆ ಮದ್ದು ಬಿಡದ ತೋಟದ ಗತಿಯೇ. ಮದ್ದು ಬಿಡಲು ಜನ ಸಿಗದೆ ನಾವು ಪಡುವ ಪಾಡು ತಮಗೆ ಗೊತ್ತಿದೆ. ಇದನ್ನು ನೋಡಿಕೊಳ್ಳುವ ಜನರನ್ನು ಊರಲ್ಲಿ ಹಿಡಿದಿಡುವುದು ಅದಕ್ಕಿಂತ ಕಷ್ಟ. ಸರ್ವರಿನ ಬಾಡಿಗೆಯಂತೂ ಇಲ್ಲಿಯೂ ತಪ್ಪುವುದಿಲ್ಲ.

ನಡುವಿನ ದಾರಿ ವರ್ಡ್‌ಪ್ರೆಸ್. 2003ರಿಂದ ಇರುವ ಇದೂ ಮುಕ್ತ ತಂತ್ರಾಂಶವೇ, ಆದರೆ ಕಟ್ಟಿ ಮುಗಿಸಿದ ಮನೆ. ಬಾಡಿಗೆ ಸರ್ವರಿನಲ್ಲಿ ಇಟ್ಟು, ಆ ಧಣಿ ಸರಿಹೋಗದಿದ್ದರೆ ಗಂಟುಮೂಟೆ ಕಟ್ಟಿ ಬೇರೆ ಕಡೆಗೆ ಒಯ್ಯಬಹುದು. ಇದಕ್ಕೂ ಕಾಲಕಾಲಕ್ಕೆ ನವೀಕರಣ ಬೇಕು. ಅದನ್ನು ಕಲಿತು ಮಾಡುವವರು ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ ಸಿಗುವುದು ಅಷ್ಟು ದುರ್ಲಭವಲ್ಲ.

ನಮಗೀಗ ಬೇಕಾಗಿರುವುದೇನು? ದಿನದ ಚಾಲಿ ದರ, ಸಭೆಯ ಸೂಚನೆ, ಕಾಫಿ ಪುಡಿಗೆ ಬೇಡಿಕೆ ಪಡೆಯುವ ಒಂದು ಪುಟ. ಪಕ್ಕದ ಶಂಕರಪುರದ ಮಲ್ಲಿಗೆಯವರು ಅಟ್ಟೆಯ ದರವನ್ನು ದಿನ ದಿನ ತಿಳಿಯುವಂತೆ ನಮಗೂ ದರ ತಪ್ಪದೆ ತಿಳಿದರೆ ಸಾಕು. ಇಷ್ಟಕ್ಕೆ ಫ್ರೇಮ್‌ವರ್ಕ್ ತರುವುದು ಐದು ಸೆಂಟ್ಸ್ ಜಾಗಕ್ಕೆ ಟ್ರ್ಯಾಕ್ಟರ್ ಇಳಿಸಿದಂತೆ. ವರ್ಡ್‌ಪ್ರೆಸ್ ಸಾಕೆಂಬುದು ನಮ್ಮ ಅಭಿಪ್ರಾಯ. ಅದನ್ನು ನೋಡಿಕೊಳ್ಳುವವರು ಸಿಗದಿದ್ದರೆ ಮಾತ್ರ ಸಿದ್ಧ ತಾಣ. ಸದಸ್ಯರ ಖಾತೆಗಳನ್ನು ಮಾತ್ರ ಸದ್ಯಕ್ಕೆ ಯಾವ ತಾಣಕ್ಕೂ ಏರಿಸುವುದು ಬೇಡ. ಆ ಕಾಲ ಬಂದಾಗ ಫ್ರೇಮ್‌ವರ್ಕಿನ ಮಾತು ಮತ್ತೆ ಎತ್ತೋಣ.

ಯಾವುದನ್ನು ಆರಿಸಿದರೂ ಡೊಮೈನ್ ಹೆಸರು ಸಂಘದ ಹೆಸರಿನಲ್ಲಿ, ಸಂಘದ ಇ-ಮೇಲಿನಲ್ಲಿ ಇರತಕ್ಕದ್ದು. ಇದು ಮೂಲಗೇಣಿಯಿದ್ದಂತೆ: ಹಣ ಕಟ್ಟುತ್ತಿರುವಷ್ಟು ಕಾಲ ನಮ್ಮದೇ. ಗುಪ್ತಪದವು ಕಾರ್ಯದರ್ಶಿ ಮತ್ತು ಇನ್ನೊಬ್ಬ ನಿರ್ದೇಶಕರ ಬಳಿ ಇರಲಿ. ಚಿತ್ರ, ಬರೆಹಗಳ ಪ್ರತಿ ಕಚೇರಿಯ ಕಂಪ್ಯೂಟರಿನಲ್ಲಿಯೂ ಇರಲಿ.

ಕನ್ನಡದ ಬಗ್ಗೆ ಒಂದು ಮಾತು. ನಮ್ಮ ಹಳೆಯ ಸಂಚಿಕೆಗಳು ನುಡಿಯ ಹಳೆಯ ಫಾಂಟಿನಲ್ಲಿವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಏರಿಸಿದರೆ ತಾಣದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಈ ಕೆಲಸ ಆರಂಭವಾಗಿದೆ. ಆದರೆ ಕೆಲವು ಸಂಚಿಕೆಗಳು ಕಚೇರಿಯ ಕಪಾಟಿನಲ್ಲಿಲ್ಲ. ಮನೆಯ ಅಟ್ಟದಲ್ಲಿ ಯಾರಾದರೂ ಇಟ್ಟುಕೊಂಡಿದ್ದರೆ ಮಹಾಸಭೆಗೆ ಬರುವಾಗ ದಯವಿಟ್ಟು ತನ್ನಿ. ಪ್ರತಿ ತೆಗೆದು ಅಂದೇ ಹಿಂದಿರುಗಿಸುತ್ತೇವೆ.