ಕೊಯ್ನಾದ ಕೊಳವೆಬಾವಿಗಳನ್ನು ಏನು ಕೇಳಬೇಕು?

ಭೂಕಂಪಕ್ಕೆ ಮುನ್ನ ಬಾವಿಯ ನೀರು ಏರಿತು, ಇಳಿಯಿತು, ಕದಡಿತು ಎಂಬ ಮಾತು ಬಹಳ ಹಳೆಯದು. ಅದನ್ನು ಅಳತೆಗೆ ಒಡ್ಡಿದ ಜಾಗಗಳಲ್ಲಿ ಮಹಾರಾಷ್ಟ್ರದ ಕೊಯ್ನಾ ಒಂದು. ಕೃಷ್ಣೆಯ ಉಪನದಿಯಾದ ಕೊಯ್ನಾಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ 1962ರಲ್ಲಿ ನೀರು ನಿಲ್ಲತೊಡಗಿದ ಮೇಲೆ ನೆಲ ಆಗಾಗ ನಡುಗಲು ಶುರುವಾಯಿತು. 1967ರ ಡಿಸೆಂಬರ್‌ನಲ್ಲಿ 6.3 ಪ್ರಮಾಣದ ಭೂಕಂಪ ಸುಮಾರು ಇನ್ನೂರು ಜನರನ್ನು ಬಲಿ ತೆಗೆದುಕೊಂಡಿತು. ಕಂಪನಗಳು ಆಮೇಲೂ ನಿಲ್ಲಲಿಲ್ಲ. 1990ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕೊಯ್ನಾ-ವಾರಣಾ ಸೀಮೆಯಲ್ಲಿ 21 ಕೊಳವೆಬಾವಿ ಕೊರೆಸಿತು. ಕುಡಿಯುವುದಕ್ಕಲ್ಲ, ನೀರಿನ ಮಟ್ಟ ಗಮನಿಸುವುದಕ್ಕೆ.

ಮೇಲೂ ಕೆಳಗೂ ನೀರು ಬಿಡದ ಪದರಗಳ ನಡುವೆ ಸಿಕ್ಕಿಕೊಂಡ ಅಂತರ್ಜಲಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಂಡೆ ಕೊಂಚ ಅದುಮಿದರೂ ಒತ್ತಡ ಹೆಚ್ಚಿ ಬಾವಿಯಲ್ಲಿ ನೀರು ಏರುತ್ತದೆ, ಬಂಡೆ ಹಿಗ್ಗಿದರೆ ಇಳಿಯುತ್ತದೆ. ಚಂದ್ರ-ಸೂರ್ಯರ ಸೆಳೆತಕ್ಕೆ ಗಟ್ಟಿ ನೆಲವೂ ಹತ್ತು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹಿಗ್ಗಿ ಕುಗ್ಗುತ್ತದೆ. ಒಳ್ಳೆಯ ಬಾವಿ ಅಷ್ಟನ್ನೂ ಸೆಂಟಿಮೀಟರುಗಳಲ್ಲಿ ತೋರಿಸಬಲ್ಲದು. ಈ ಸೂಕ್ಷ್ಮತೆಯೇ ತೊಡಕೂ ಹೌದು. ಗಾಳಿಯ ಒತ್ತಡ, ಮಳೆ, ಪಕ್ಕದ ತೋಟದ ಪಂಪು ಎಲ್ಲವೂ ಅದೇ ನೀರಿನಲ್ಲಿ ಗುರುತು ಬಿಡುತ್ತವೆ. ಅವನ್ನೆಲ್ಲ ಕಳೆದು ಉಳಿದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ನೋಡಿದಾಗ ಕೊಯ್ನಾದ ಕೆಲವು ಬಾವಿಗಳು ಹತ್ತಿರದ ಭೂಕಂಪದ ಹೊತ್ತಿಗೇ ಮಟ್ಟ ಬದಲಿಸಿದ್ದು ಕಂಡಿತು. 2004ರ ಸುಮಾತ್ರಾ ಭೂಕಂಪಕ್ಕೂ, ಅಷ್ಟು ದೂರದಿಂದ, ಅಲ್ಲಿನ ನೀರು ಅಲುಗಿತು.

ಆದರೆ ಜನ ಕೇಳುವುದು ಇದನ್ನಲ್ಲ. ಮುಂಚೆಯೇ ಹೇಳುತ್ತದೆಯೇ ಎಂದು. ಚೀನಾದ ಹೈಚೆಂಗ್‌ನಲ್ಲಿ 1975ರಲ್ಲಿ ಬಾವಿಗಳ ಬದಲಾವಣೆಯನ್ನೂ ಗಮನಿಸಿ ಜನರನ್ನು ಮನೆಯಿಂದ ಹೊರಗೆ ಕಳಿಸಿದ ಉದಾಹರಣೆಯನ್ನು ಮುಂದಿಡುತ್ತಾರೆ. ಅಲ್ಲಿ ಕೈಹಿಡಿದದ್ದು ಮುಖ್ಯವಾಗಿ ಮೊದಲೇ ಬಂದ ಸಣ್ಣ ಕಂಪನಗಳ ಸರಣಿ. ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಎಚ್ಚರಿಕೆ ಹೊರಡಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಬಳಿ 1985ರ ಒಂದು ಭೂಕಂಪಕ್ಕೆ ಮೂರು ದಿನ ಮೊದಲು ನೀರು ಸುಮಾರು 3 ಸೆಂಟಿಮೀಟರ್ ಏರಿದ ದಾಖಲೆಯಿದೆ, ಅದು ಕಡೆಗಣಿಸುವಂಥದ್ದಲ್ಲ. ಆದರೆ 2004ರಲ್ಲಿ ಪಾರ್ಕ್‌ಫೀಲ್ಡಿನಲ್ಲೇ, ಉಪಕರಣಗಳು ಕಿಕ್ಕಿರಿದ ಜಾಗದಲ್ಲೇ, 6.0ರ ಭೂಕಂಪ ನಂಬುವಂಥ ಮುನ್ಸೂಚನೆ ಕೊಡದೆ ಬಂತು. ಒಮ್ಮೆ ಕಂಡು ಇನ್ನೊಮ್ಮೆ ಕಾಣದ ಗುರುತನ್ನು ನೆಚ್ಚಿ ಊರು ಖಾಲಿ ಮಾಡಿಸಲಾಗದು.

ಹಾಗಾದರೆ ಈ ಖರ್ಚು ಯಾಕೆ ಎಂಬ ಆಕ್ಷೇಪ ಸಹಜ. ಉತ್ತರ ಕೊಯ್ನಾದ ಸ್ವಭಾವದಲ್ಲೇ ಇದೆ: ಅಲ್ಲಿ ನೀರು ಬರೀ ಸಾಕ್ಷಿಯಲ್ಲ, ಕಾರಣದಲ್ಲೂ ಪಾಲುದಾರ. ಬಿರುಕಿನೊಳಗಿನ ಒತ್ತಡ ಏರಿದರೆ ಎರಡು ಬಂಡೆಮೈಗಳನ್ನು ಬಿಗಿಹಿಡಿದ ಘರ್ಷಣೆ ಸಡಿಲವಾಗುತ್ತದೆ. ಅಮೆರಿಕದ ಕೊಲರಾಡೋದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ ನಡೆದ ಪ್ರಯೋಗದಲ್ಲಿ ಒತ್ತಡ ಏರಿಸಿದಾಗ ಕಂಪನ ಹೆಚ್ಚಿತು, ಇಳಿಸಿದಾಗ ಕಡಿಮೆಯಾಯಿತು. ಹೀಗಾಗಿ ಜಲಾಶಯ ಏರಿಳಿಯುವಾಗ ಒತ್ತಡ ಯಾವ ದಾರಿಯಲ್ಲಿ, ಎಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ ಎಂದು ತಿಳಿಯುವುದೇ ಬಾವಿಗಳ ನಿಜವಾದ ಕೆಲಸ. ಬಾವಿಗಳು ನೂರಿನ್ನೂರು ಮೀಟರಿನಲ್ಲಿ ನಿಲ್ಲುತ್ತವೆ, ಕಂಪನ ಹುಟ್ಟುವುದು ಹಲವು ಕಿಲೋಮೀಟರ್ ಆಳದಲ್ಲಿ ಎಂಬ ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. 2017ರಲ್ಲಿ ಕೊಯ್ನಾ ಸೀಮೆಯ ಗೋಠಣೆಯಲ್ಲಿ ಬಸಾಲ್ಟ್ ಪದರ ದಾಟಿ ಗ್ರಾನೈಟಿನೊಳಗೆ 3 ಕಿಲೋಮೀಟರ್ ಕೊರೆದು ಮುಗಿಸಿದ್ದು ಆ ಅಂತರವನ್ನು ಕಡಿಮೆ ಮಾಡಲೆಂದೇ.